ಚಿಲಿಗೆ ಕಾಳು ಹಾಕ್ತೀರಾ?

ಟೆಕ್ಸಾಸ್‌ನವರ ಎದುರಿಗೆ ಚಿಲಿ ಪಾತ್ರೆಗೆ ಒಂದು ಹಿಡಿ ರಾಜ್ಮಾ ಹಾಕಿ ನೋಡಿ. ಮಾತು ನಗುನಗುತ್ತಲೇ ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ದನಿ ಏರಿರುತ್ತದೆ. ಅದೇ ಓಹಾಯೋದಲ್ಲೋ ಇಂಡಿಯಾನಾದಲ್ಲೋ ಕಾಳಿಲ್ಲದ ಚಿಲಿ ಬಡಿಸಿದರೆ, 'ಕಾಳು ಹಾಕೋದು ಮರೆತುಹೋಯ್ತಾ?' ಅಂತ ಪಾಪ, ನಿಜವಾಗಿಯೂ ಕೇಳುತ್ತಾರೆ. ನ್ಯೂ ಮೆಕ್ಸಿಕೋದವರಿಗೆ ಈ ಜಗಳದ ಗೊಡವೆಯೇ ಬೇಡ. ಅವರ ಪಾತ್ರೆಯಲ್ಲಿ ಇರುವುದೇ ಬೇರೆ.

ಚಿಲಿ ಅಂದ ಕೂಡಲೇ ನಮ್ಮ ಊರಿನ ಚಿಲ್ಲಿ ಚಿಕನ್ ನೆನೆಸಿಕೊಳ್ಳಬೇಡಿ. ಇದು ಅಮೆರಿಕದ ಚಿಲಿ. ಮಾಂಸ, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ ಹಾಕಿ ಗಂಟೆಗಟ್ಟಲೆ ಕುದಿಸಿದ ಗಟ್ಟಿ ಸಾರು. ಇಷ್ಟರವರೆಗೆ ಹೆಚ್ಚುಕಡಿಮೆ ಎಲ್ಲರದೂ ಒಪ್ಪಿಗೆ. ಇದರ ಮೇಲೆ ಏನು ಹಾಕಬೇಕು, ಏನು ಹಾಕಬಾರದು ಅನ್ನುವುದರಲ್ಲಿ ಒಂದೊಂದು ಊರಿಗೆ ಒಂದೊಂದು ಹಟ. ನಾನು ಮೊದಲು ಡಲ್ಲಾಸ್ ಹತ್ತಿರ ಇದ್ದು, ಆಮೇಲೆ ಕೆಲಸದ ಮೇಲೆ ಓಹಾಯೋಗೆ ಬಂದವನು. ಹಾಗಾಗಿ ಎರಡೂ ಕಡೆಯವರ ಬಾಯಿಂದ 'ನಿಜವಾದ ಚಿಲಿ'ಯ ಪಾಠ ಕೇಳಿಸಿಕೊಂಡಿದ್ದೇನೆ. ಇಲ್ಲಿನ ಆಫೀಸುಗಳಲ್ಲಿ ಚಳಿ ಶುರುವಾದರೆ ಚಿಲಿ ಸ್ಪರ್ಧೆ ಇಡುವುದು ಮಾಮೂಲು. ಮನೆಯಿಂದ ಎಲೆಕ್ಟ್ರಿಕ್ ಪಾತ್ರೆಯಲ್ಲಿ ಬಿಸಿಬಿಸಿ ತಂದು ಸಾಲಾಗಿ ಇಡುತ್ತಾರೆ. ರುಚಿ ನೋಡಿ ಚೀಟಿ ಹಾಕುವುದು. ಆ ಸಾಲಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಪಾತ್ರೆಗಳನ್ನು ನೋಡುತ್ತಾ ನನಗೆ ಅನ್ನಿಸಿದ್ದು ಇಷ್ಟು: ಯಾವುದು ಅಸಲಿ ಅಂತ ಕೇಳಿ ಪ್ರಯೋಜನವಿಲ್ಲ. ಇದನ್ನು ಮೊದಲು ಯಾರು ಬೇಯಿಸಿದರು, ಅವರ ಕೈಯಲ್ಲಿ ಏನಿತ್ತು ಅಂತ ಕೇಳಿದರೆ ಪ್ರತಿ ಪಾತ್ರೆಗೂ ಒಂದು ಉತ್ತರ ಸಿಗುತ್ತದೆ.

ಸ್ಯಾನ್ ಆಂಟೋನಿಯೊದಿಂದ ಶುರು ಮಾಡೋಣ. ಟೆಕ್ಸಾಸ್‌ನ ಈ ಊರಿನ ಚೌಕಗಳಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸಂಜೆಯಾದರೆ ಹೆಂಗಸರು ಗಾಡಿಯಲ್ಲಿ ಸಾಮಾನು ತಂದು ಅಂಗಡಿ ಹೂಡುತ್ತಿದ್ದರು. ಉದ್ದನೆಯ ಮೇಜು, ಬೆಂಚು, ಲಾಟೀನು, ಪಕ್ಕದಲ್ಲಿ ಬೆಂಕಿಯ ಮೇಲೆ ಪಾತ್ರೆ. ಇವರು ಮೆಕ್ಸಿಕನ್ ಮನೆತನದ ಹೆಂಗಸರು. ಊರಿನವರು ಇವರನ್ನು 'ಚಿಲಿ ಕ್ವೀನ್ಸ್' ಅಂತ ಕರೆದರು. ಸೈನಿಕರು, ದನ ಕಾಯುವವರು, ಗಾಡಿ ಹೊಡೆಯುವವರು, ರೈಲಿನಲ್ಲಿ ಬಂದ ಪ್ರವಾಸಿಗಳು ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ತಿನ್ನುತ್ತಿದ್ದರು. ಮಿಲಿಟರಿ ಪ್ಲಾಜಾದಲ್ಲಿ ನಗರಸಭೆಯ ಕಟ್ಟಡ ಎದ್ದಾಗ ಇವರನ್ನು ಬೇರೆ ಚೌಕಕ್ಕೆ ದಬ್ಬಿದರು. ಕೊನೆಗೆ 1937ರಲ್ಲಿ ಆರೋಗ್ಯ ಇಲಾಖೆಯ ನಿಯಮದ ಹೆಸರಲ್ಲಿ ಎತ್ತಂಗಡಿ ಆಯಿತು. ಮೇಯರ್ ಮೋರಿ ಮ್ಯಾವೆರಿಕ್ 1939ರಲ್ಲಿ ಮತ್ತೆ ಕರೆತಂದರೂ ಅದು ಬಹಳ ಕಾಲ ಬಾಳಲಿಲ್ಲ. ಬೀದಿಬದಿ ಅಡುಗೆಯ ಹೆಂಗಸರಿಗೆ ಎಲ್ಲ ಊರಲ್ಲೂ ಇದೇ ಕಥೆ ಅನ್ನಿ.

ಈ ಹೆಂಗಸರ ತಟ್ಟೆಯಲ್ಲಿ ಚಿಲಿ ಒಂದೇ ಇರುತ್ತಿರಲಿಲ್ಲ. ತಮಾಲೆ, ಎಂಚಿಲಾಡದಂಥ ಮೆಕ್ಸಿಕನ್ ತಿನಿಸು, ಬೇಯಿಸಿದ ಕಾಳು ಎಲ್ಲವೂ ಇರುತ್ತಿದ್ದವು. ಅಂದರೆ ಟೆಕ್ಸಾಸ್ ಚಿಲಿಯ ತವರಿನಲ್ಲೇ ಕಾಳು ಇತ್ತು, ಪಕ್ಕದಲ್ಲಿ ಇತ್ತು. ಈ ಮಾತು ನೆನಪಿಟ್ಟುಕೊಂಡಿರಿ.

ಚೌಕದಿಂದ ಚಿಲಿ ದೇಶದ ತುಂಬಾ ಹೋಗಿದ್ದಕ್ಕೆ ಒಂದು ಕಾರಣ 1893ರ ಶಿಕಾಗೋ ವಿಶ್ವ ಮೇಳ. ಅಲ್ಲಿ ಸ್ಯಾನ್ ಆಂಟೋನಿಯೊ ಚಿಲಿಯ ಮಳಿಗೆ ಇತ್ತು. ಇನ್ನೊಂದು, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು, ಚಿಲಿ ಪೌಡರ್. ಜರ್ಮನಿಯಿಂದ ಬಂದಿದ್ದ ವಿಲಿಯಂ ಗೆಬ್‌ಹಾರ್ಟ್ ಎಂಬಾತ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರಿನಲ್ಲಿ ಒಂದು ಮದ್ಯದಂಗಡಿಯ ಹಿಂಭಾಗದಲ್ಲಿ ಹೋಟೆಲ್ ನಡೆಸುತ್ತಿದ್ದ. ಚಿಲಿಗೆ ಬೇಕಾದ ಮೆಣಸಿನಕಾಯಿ ವರ್ಷವಿಡೀ ಸಿಗುತ್ತಿರಲಿಲ್ಲ. ಈತ ಮೆಕ್ಸಿಕೋದಿಂದ ಆಂಚೋ ಮೆಣಸಿನಕಾಯಿ ತರಿಸಿದ. ಅದನ್ನು ಮಾಂಸ ಅರೆಯುವ ಯಂತ್ರದಲ್ಲಿ ಮತ್ತೆ ಮತ್ತೆ ಅರೆದು, ಒಣಗಿಸಿ, ಜೀರಿಗೆ, ಒರೆಗಾನೊ ಬೆರೆಸಿ ಪುಡಿ ಮಾಡಿ ಮಾರತೊಡಗಿದ. 1896ರಲ್ಲಿ 'ಈಗಲ್' ಅನ್ನುವ ಹೆಸರನ್ನು ನೋಂದಾಯಿಸಿದ. ಅಲ್ಲಿಗೆ ಮೆಣಸಿನಕಾಯಿ ಬೆಳೆಯದ ಊರಿನವರೂ ಚಿಲಿ ಮಾಡಬಹುದು ಅಂತಾಯಿತು.

ಅಮೆರಿಕಕ್ಕೆ ಹೊಸದಾಗಿ ಬರುವ ನಮ್ಮ ಹುಡುಗರು ಇಂದಿಗೂ ಗೆಬ್‌ಹಾರ್ಟ್‌ನ ಕೈಚಳಕಕ್ಕೆ ಸಿಕ್ಕಿಬೀಳುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ 'ಚಿಲಿ ಪೌಡರ್' ಅಂತ ಬರೆದ ಡಬ್ಬಿ ತಂದು ಪಲ್ಯಕ್ಕೆ ಹಾಕುತ್ತಾರೆ. ಖಾರ ಇಲ್ಲ, ಬದಲಿಗೆ ಜೀರಿಗೆ, ಬೆಳ್ಳುಳ್ಳಿ, ಏನೋ ಎಲೆಯ ವಾಸನೆ. ಅದು ಖಾರದ ಪುಡಿಯಲ್ಲ, ಮಸಾಲೆ ಪುಡಿ. ಖಾರದ ಪುಡಿ ಬೇಕಾದರೆ ಇಂಡಿಯನ್ ಸ್ಟೋರಿಗೇ ಹೋಗಬೇಕು.

ಟೆಕ್ಸಾಸ್‌ನಲ್ಲಿ ಪುಡಿಗಿಂತ ಇಡೀ ಮೆಣಸಿನಕಾಯಿಯೇ ಮೇಲು ಅನ್ನುವವರು ಬಹಳ ಜನ. ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ತಮ್ಮ ಮನೆಯಲ್ಲಿ ಮಾಡಿ ತೋರಿಸಿದ್ದರು. ಆಂಚೋ ಅಂದರೆ ಪೊಬ್ಲಾನೊ ಎಂಬ ದಪ್ಪ ಮೆಣಸಿನಕಾಯಿ ಹಣ್ಣಾಗಿ ಒಣಗಿದ್ದು. ಅಂಗೈ ಅಗಲ, ಸುಕ್ಕು ಸುಕ್ಕು, ಕಪ್ಪಿಗೆ ತಿರುಗಿದ ಕೆಂಪು. ತೊಟ್ಟು ಕಿತ್ತು, ಸೀಳಿ, ಬೀಜ ಕೊಡವಿದರು. ಎಣ್ಣೆ ಇಲ್ಲದ ಕಬ್ಬಿಣದ ಬಾಣಲೆಯ ಮೇಲೆ ಬಿಡಿಸಿ ಹಾಕಿ ಚಮಚದಲ್ಲಿ ಒತ್ತಿದರು. ಕೆಲವೇ ಕ್ಷಣ. ಒಣದ್ರಾಕ್ಷಿಯಂಥ ಸಿಹಿ ವಾಸನೆ ಬರುತ್ತಿದ್ದ ಹಾಗೇ ತಿರುವಿ ಹಾಕಿದರು. 'ಇನ್ನೊಂದು ಗಳಿಗೆ ಬಿಟ್ಟರೆ ಕಹಿ, ಆಮೇಲೆ ಸಕ್ಕರೆ ಸುರಿದರೂ ಹೋಗಲ್ಲ' ಅಂದರು. ಬಿಸಿನೀರಿನಲ್ಲಿ ನೆನೆಸಿ, ರುಬ್ಬಿ, ಸೋಸಿದರು. ಸಿಪ್ಪೆ ಜರಡಿಯಲ್ಲಿ ಉಳಿಯಿತು, ಕೆಳಗೆ ಇಳಿದದ್ದು ನುಣ್ಣನೆಯ ಕಡುಗೆಂಪು ರಸ. ಬಣ್ಣಕ್ಕೆ ಗ್ವಾಹಿಯೊ, ಖಾರಕ್ಕೆ ಸಣ್ಣನೆಯ ಆರ್ಬೋಲ್ ಬೇರೆ ಇದ್ದವು. ಒಂದೇ ಮೆಣಸಿನಕಾಯಿಯಲ್ಲಿ ಬಣ್ಣ, ಖಾರ, ರುಚಿ ಮೂರನ್ನೂ ಹುಡುಕದೆ ಬೇರೆ ಬೇರೆ ಜಾತಿ ಬೆರೆಸುವುದು ಬ್ಯಾಡಗಿ ಮತ್ತು ಗುಂಟೂರು ಎರಡನ್ನೂ ಹುರಿದು ಸಾರಿನ ಪುಡಿ ಮಾಡುವ ಯಾರಿಗಾದರೂ ಗೊತ್ತಿರುವ ವಿಷಯವೇ. ಆಂಚೋ ಸಿಗದಿದ್ದರೆ ಬ್ಯಾಡಗಿ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಬಣ್ಣ ಬರುತ್ತದೆ, ಆ ಸಿಹಿ ಬರುವುದಿಲ್ಲ.

ಅವರ ಚಿಲಿಯಲ್ಲಿ ಮಾಂಸವೂ ಖೀಮಾ ಅಲ್ಲ, ಸಣ್ಣ ತುಂಡು. ಮೂರು ಗಂಟೆ ಬೇಯಿತು. ಕೊನೆಗೆ ಸುಣ್ಣದ ನೀರಲ್ಲಿ ಬೇಯಿಸಿ ಒಣಗಿಸಿದ ಮುಸುಕಿನ ಜೋಳದ ಹಿಟ್ಟು ಕಲಸಿ ಹಾಕಿ ಗಟ್ಟಿ ಮಾಡಿದರು. ಕಾಳಿಲ್ಲ, ಟೊಮೆಟೊ ಇಲ್ಲ. 1977ರಲ್ಲಿ ಟೆಕ್ಸಾಸ್ ವಿಧಾನಸಭೆ ಚಿಲಿಯನ್ನು ರಾಜ್ಯದ ಅಧಿಕೃತ ತಿನಿಸು ಅಂತ ಘೋಷಿಸಿತು ಅನ್ನುವುದನ್ನು ತಾವೇ ಗೆದ್ದವರ ಹಾಗೆ ಹೇಳಿದರು.

ಆದರೆ 'ಕಾಳು ಹಾಕಲೇಬಾರದು' ಅನ್ನುವುದು ಕಟ್ಟಳೆಯಾಗಿದ್ದು ತೀರಾ ಈಚೆಗೆ. ಅದರ ಹಿಂದೆ ಒಂದು ತಮಾಷೆಯ ಜಗಳ ಇದೆ. 1967ರಲ್ಲಿ ಎಚ್. ಅಲೆನ್ ಸ್ಮಿತ್ ಎಂಬ ಹಾಸ್ಯ ಬರಹಗಾರ, ಇಲಿನಾಯ್ ಮೂಲದ ನ್ಯೂಯಾರ್ಕ್‌ವಾಸಿ, ಚಿಲಿ ಬಗ್ಗೆ ನನಗಿಂತ ತಿಳಿದವರಿಲ್ಲ ಅಂತ ಪತ್ರಿಕೆಯೊಂದರಲ್ಲಿ ಬರೆದ. ಆತನ ಪಾತ್ರೆಯಲ್ಲಿ ಕಾಳು ಇತ್ತು. ಟೆಕ್ಸಾಸ್‌ನವರು ಸುಮ್ಮನಿರುತ್ತಾರಾ? ಡಲ್ಲಾಸ್‌ನ ಪತ್ರಕರ್ತ ಫ್ರಾಂಕ್ ಟೋಲ್ಬರ್ಟ್ ಮತ್ತವರ ಗೆಳೆಯರು ಸವಾಲು ಹಾಕಿದರು. ಟೆಕ್ಸಾಸ್ ಪರವಾಗಿ ವಿಕ್ ಫೌಲರ್ ನಿಂತ. ಸ್ಪರ್ಧೆಗೆ ಆರಿಸಿದ್ದು ಟರ್ಲಿಂಗ್ವಾ ಎಂಬ ಊರು. ಮೆಕ್ಸಿಕೋ ಗಡಿಯ ಬಳಿ, ಪಾದರಸದ ಗಣಿ ಮುಚ್ಚಿದ ಮೇಲೆ ಜನ ಬಿಟ್ಟುಹೋಗಿದ್ದ ಮರುಭೂಮಿಯ ಪಾಳು ಊರು. ಮೂವರು ತೀರ್ಪುಗಾರರು. ಒಬ್ಬರ ಮತ ಆ ಕಡೆ, ಇನ್ನೊಬ್ಬರದು ಈ ಕಡೆ. ಮೂರನೆಯವರು ಒಂದು ಚಮಚ ಬಾಯಿಗಿಟ್ಟು ಉಗುಳಿ, ನಾಲಿಗೆಯೇ ಸುಟ್ಟುಹೋಯಿತು, ತೀರ್ಪು ಕೊಡಲಾರೆ ಅಂದರು. ಪಂದ್ಯ ಸಮಸಮ.

ಅಲ್ಲಿಂದ ಪ್ರತಿ ನವೆಂಬರ್‌ನಲ್ಲಿ ಟರ್ಲಿಂಗ್ವಾದಲ್ಲಿ ಚಿಲಿ ಜಾತ್ರೆ. ಆಮೇಲೆ ಅವರವರಲ್ಲೇ ಜಗಳವಾಗಿ ಈಗ ಒಂದೇ ವಾರಾಂತ್ಯ ಎರಡು ಬೇರೆ ಬೇರೆ ಸ್ಪರ್ಧೆ ನಡೆಯುತ್ತವೆ. (ನಮ್ಮ ಕನ್ನಡ ಸಂಘಗಳು ಇಬ್ಭಾಗವಾಗುವುದನ್ನು ಆಡಿಕೊಳ್ಳುವವರು ಇದನ್ನು ಗಮನಿಸಬೇಕು.) ಸ್ಪರ್ಧೆ ಅಂದಮೇಲೆ ನಿಯಮ ಬೇಕು. ಕಾಳು, ಮ್ಯಾಕರೋನಿ, ಅನ್ನ ಯಾವುದನ್ನೂ ಬೆರೆಸುವಂತಿಲ್ಲ. ಮಾಂಸಕ್ಕೆ ಮೊದಲೇ ಮಸಾಲೆ ಹಚ್ಚಿ ತರುವಂತಿಲ್ಲ. ಅವತ್ತೇ, ಅಲ್ಲೇ ಬೇಯಿಸಬೇಕು. ಇಂಥ ನಿಯಮಕ್ಕೆ ಅರ್ಥವಿದೆ. ಎಲ್ಲರ ಬಟ್ಟಲೂ ಒಂದೇ ಥರ ಕಂಡರೆ ಮಾತ್ರ ಯಾರ ಕೈರುಚಿ ಹೆಚ್ಚು ಅಂತ ಅಳೆಯಲು ಆಗುತ್ತದೆ. ಆದರೆ ಪಂದ್ಯದ ನಿಯಮ ನಿಧಾನವಾಗಿ ಮನೆಯ ಅಡುಗೆಗೂ ಬಂತು. ಅಜ್ಜಿ ಕಾಳು ಹಾಕುತ್ತಿದ್ದ ಮನೆಯ ಮೊಮ್ಮಗನೂ ಈಗ 'ನಾವು ಟೆಕ್ಸಾಸ್‌ನವರು ಕಾಳು ಹಾಕಲ್ಲ' ಅನ್ನುತ್ತಾನೆ.

ಲಿಂಡನ್ ಜಾನ್ಸನ್ ಟೆಕ್ಸಾಸ್‌ನವರು, ಚಿಲಿಪ್ರಿಯರು. ಅವರು ಅಧ್ಯಕ್ಷರಾಗಿದ್ದಾಗ ಮನೆಯ ಚಿಲಿ ಮಾಡುವ ಬಗೆ ಕೇಳಿ ಎಷ್ಟು ಪತ್ರ ಬರುತ್ತಿದ್ದವು ಅಂದರೆ, ಅವರ ಹೆಂಡತಿ ಅದನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಕಳಿಸುತ್ತಿದ್ದರು. ನಾಲ್ಕು ಪೌಂಡ್ ಮಾಂಸ, ಈರುಳ್ಳಿ, ಬೆಳ್ಳುಳ್ಳಿ, ಒರೆಗಾನೊ, ಜೀರಿಗೆ, ಚಿಲಿ ಪೌಡರ್. ಕಾಳಿಲ್ಲ, ಸರಿ. ಆದರೆ ಡಬ್ಬಿ ಟೊಮೆಟೊ ಇದೆ! ಟೊಮೆಟೊ ಹಾಕಿದರೆ ಅದು ಚಿಲಿಯೇ ಅಲ್ಲ ಅನ್ನುವ ನನ್ನ ಹಳೆಯ ಸಹೋದ್ಯೋಗಿಗೆ ಇದನ್ನು ತೋರಿಸಿದೆ. 'ಅವರು ರಾಜಕಾರಣಿ, ಎಲ್ಲರನ್ನೂ ಮೆಚ್ಚಿಸಬೇಕಿತ್ತು' ಅಂದುಬಿಟ್ಟರು.

ಉತ್ತರಕ್ಕೆ ಬಂದರೆ ಚಿತ್ರವೇ ಬೇರೆ. 1930ರ ದಶಕದ ಬಡತನದಲ್ಲಿ ಸಣ್ಣ ಸಣ್ಣ ಚಿಲಿ ಅಂಗಡಿಗಳು ಎಷ್ಟೋ ಜನರ ಹೊಟ್ಟೆ ತುಂಬಿಸಿದವು. ಸ್ವಲ್ಪ ಮಾಂಸಕ್ಕೆ ಜಾಸ್ತಿ ಕಾಳು ಹಾಕಿದರೆ ಅದೇ ಪಾತ್ರೆ ಇನ್ನಷ್ಟು ಜನಕ್ಕೆ ಆಗುತ್ತದೆ. ಟೊಮೆಟೊ, ರಾಜ್ಮಾ ಎರಡೂ ಡಬ್ಬಿಯಲ್ಲಿ ಅಗ್ಗವಾಗಿ ಸಿಗುತ್ತಿದ್ದವು. ಇಂಡಿಯಾನಾ ಕಡೆ ಮ್ಯಾಕರೋನಿಯೂ ಸೇರಿತು. ಖಾರ ಕಡಿಮೆಯಾಯಿತು. ಇದನ್ನು ಟೆಕ್ಸಾಸ್‌ನವರು ಕಲಬೆರಕೆ ಅಂತ ಹೀಗಳೆಯುವುದು ನನಗೆ ಸರಿ ಕಾಣುವುದಿಲ್ಲ. ದನಗಳೇ ತುಂಬಿದ್ದ ನಾಡಿನವರು ಬರೀ ಮಾಂಸದ ಸಾರು ಮಾಡಿದರು, ಎಣಿಸಿ ಮಾಂಸ ತರುವವರು ಕಾಳು ಬೆರೆಸಿದರು. ಅಷ್ಟೇ.

ಕಾಳು ಹಾಕುವವರಿಗೆ ಒಂದು ಮಾತು. ಡಬ್ಬಿ ಬೇಡ, ಒಣ ರಾಜ್ಮಾ ನೆನೆಸಿ ಹಾಕುತ್ತೇನೆ ಅನ್ನುವುದಾದರೆ ಮೊದಲು ಬೇರೆ ಪಾತ್ರೆಯಲ್ಲಿ ಚೆನ್ನಾಗಿ ಬೇಯಿಸಿ. ಹುಣಸೆಹುಳಿ ಬಿದ್ದಮೇಲೆ ಬೇಳೆ ಬೇಯುವುದಿಲ್ಲ ಅಂತ ನಮ್ಮಮ್ಮಂದಿರು ಹೇಳುತ್ತಿದ್ದರಲ್ಲ, ಟೊಮೆಟೊ ಹುಳಿಗೂ ಅದೇ ಗುಣ. ಕಾಳಿನ ಸಿಪ್ಪೆ ಗಟ್ಟಿಯಾಗಿಯೇ ಉಳಿಯುತ್ತದೆ. ಇನ್ನೊಂದು, ಹಸಿ ರಾಜ್ಮಾವನ್ನು ನೇರವಾಗಿ ನಿಧಾನ ಉರಿಯ ಎಲೆಕ್ಟ್ರಿಕ್ ಪಾತ್ರೆಗೆ ಹಾಕಲೇಬೇಡಿ. ಅದರಲ್ಲಿ ಲೆಕ್ಟಿನ್ ಎಂಬ ವಿಷದ ಅಂಶವಿದೆ. ಕೊತಕೊತ ಕುದಿದರೆ ಮಾತ್ರ ಹೋಗುತ್ತದೆ, ಹದಾ ಬಿಸಿಯಲ್ಲಿ ಉಳಿದು ವಾಂತಿ ಭೇದಿ ಮಾಡಿಸುತ್ತದೆ. ನಮ್ಮ ಕುಕ್ಕರ್ ಇದ್ದರೆ ಈ ತಲೆನೋವಿಲ್ಲ.

ಈಗ ಸಿನ್ಸಿನಾಟಿ. ಓಹಾಯೋದ ಈ ಊರಿನ ಚಿಲಿಯನ್ನು ಬೇರೆ ಊರಿನವರು ಚಿಲಿ ಅಂತ ಒಪ್ಪುವುದೇ ಇಲ್ಲ. 1922ರಲ್ಲಿ ಮ್ಯಾಸಿಡೋನಿಯಾ ಕಡೆಯಿಂದ ಬಂದ ಕಿರಾಜೀಫ್ ಅಣ್ಣತಮ್ಮಂದಿರು ಎಂಪ್ರೆಸ್ ಎಂಬ ನಾಟಕ ಮಂದಿರದ ಮಗ್ಗುಲಲ್ಲಿ ಅಂಗಡಿ ಹಾಕಿದರು, ಅದರ ಹೆಸರನ್ನೇ ಇಟ್ಟರು. ತಮ್ಮ ಸೀಮೆಯಲ್ಲಿ ಮಾಂಸಕ್ಕೆ ಹಾಕುವ ಚಕ್ಕೆ, ಲವಂಗ ಮುಂತಾದ ಮಸಾಲೆಯನ್ನೇ ಇಲ್ಲಿಯ ಚಿಲಿಗೂ ಹಾಕಿದರು. ಅದನ್ನು ಸ್ಪಗೆಟ್ಟಿ ಮೇಲೆ ಸುರಿದರು. 1949ರಲ್ಲಿ ಗ್ರೀಸ್‌ನಿಂದ ಬಂದ ನಿಕೊಲಸ್ ಲ್ಯಾಂಬ್ರಿನಿಡೀಸ್ 'ಸ್ಕೈಲೈನ್' ತೆರೆದರು. 1965ರಲ್ಲಿ ಜೋರ್ಡನ್‌ನಿಂದ ಬಂದ ದಾವೂದ್ ಅಣ್ಣತಮ್ಮಂದಿರ 'ಗೋಲ್ಡ್ ಸ್ಟಾರ್' ಬಂತು. ಮೆಡಿಟರೇನಿಯನ್ ಕಡೆಯ ಕೈಗಳೇ ಎಲ್ಲ.

ಮಾಡುವ ಕ್ರಮವೂ ತಿರುಗುಮುರುಗು. ಮಾಂಸವನ್ನು ಹುರಿಯುವುದಿಲ್ಲ. ಖೀಮಾವನ್ನು ತಣ್ಣೀರಿನಲ್ಲಿ ಕೈಯಿಂದ ಕಿವುಚಿ ಹಾಗೇ ಒಲೆಗಿಡುತ್ತಾರೆ. ಹೀಗಾಗಿ ಅದು ತರಿಯಿಲ್ಲದೆ ನುಣ್ಣಗೆ ಬೇಯುತ್ತದೆ. ಅಂಗಡಿಯಲ್ಲಿ 'ತ್ರೀ ವೇ' ಅಂದರೆ ಸ್ಪಗೆಟ್ಟಿ, ಚಿಲಿ, ಮೇಲೆ ತುರಿದ ಚೆಡ್ಡರ್ ಚೀಸ್. 'ಫೋರ್ ವೇ' ಅಂದರೆ ಜೊತೆಗೆ ಈರುಳ್ಳಿ ಅಥವಾ ಕಾಳು. 'ಫೈವ್ ವೇ' ಅಂದರೆ ಎರಡೂ. ಚೀಸ್ ಅಂದರೆ ಒಂದು ಚಿಟಿಕೆ ಅಲ್ಲ. ಕೈಯಲ್ಲಿ ಬಾಚಿ ಬಾಚಿ ಹಾಕಿ, ಕೆಳಗಿನ ಚಿಲಿ ಕಾಣದ ಹಾಗೆ ಗುಡ್ಡೆ ಮಾಡುತ್ತಾರೆ. ಸ್ಪಗೆಟ್ಟಿಯನ್ನು ಫೋರ್ಕಿಗೆ ಸುತ್ತಿದರೆ ಹೊರಗಿನವನು ಅಂತ ಗೊತ್ತಾಗಿಬಿಡುತ್ತದೆ. ಊರಿನವರು ಅದನ್ನು ಫೋರ್ಕಿನ ಅಂಚಿನಿಂದ ಕತ್ತರಿಸಿ ತಿನ್ನುತ್ತಾರೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಸಿನ್ಸಿನಾಟಿಗೂ ಕರೆದುಕೊಂಡು ಹೋಗಿದ್ದೆ. ಈ ತಟ್ಟೆ ನೋಡಿ ಮುಖ ಕಿವುಚುತ್ತಾರೆ ಅಂದುಕೊಂಡಿದ್ದೆ. ಅಂಗಡಿಯಲ್ಲಿ ಮಾಡುವುದು ದನದ ಮಾಂಸ. ಅಮ್ಮ ಅದನ್ನು ಮುಟ್ಟಲಿಲ್ಲ, ನೋಡಿದರು, ವಾಸನೆ ನೋಡಿದರು. 'ಚಕ್ಕೆ ಲವಂಗ ಹಾಕವ್ರೆ ಕಣೋ. ಇದು ಒತ್ತು ಶಾವಿಗೆ, ಬಾಡಿನ ಸಾರು. ಇದರಲ್ಲೇನಿದೆ ವಿಶೇಷ?' ಅಂದರು. ನಮ್ಮದು ಸಕಲೇಶಪುರದ ಕಡೆ. ಮಲೆನಾಡಿನ ಮನೆಗೆ ನೆಂಟರು ಬಂದರೆ ಅಕ್ಕಿಯ ಒತ್ತು ಶಾವಿಗೆಗೆ ಕೋಳಿ ಸಾರು ಹಾಕಿ ಬಡಿಸುವುದು ಇದ್ದದ್ದೇ. ಟೆಕ್ಸಾಸ್‌ನವರು ಅಪಚಾರ ಅನ್ನುವ ತಟ್ಟೆ ನಮ್ಮಮ್ಮನಿಗೆ ಹಬ್ಬದ ಊಟವಾಗಿ ಕಂಡಿತು. ಚೀಸ್ ಒಂದನ್ನು ಬಿಟ್ಟು. ಅದರ ಬಗ್ಗೆ ಅವರು ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ. ಮನೆಗೆ ಬಂದು ಟರ್ಕಿ ಕೋಳಿಯ ಖೀಮಾದಲ್ಲಿ ಅದೇ ಥರ ಮಾಡಿಸಿ, ಇನ್ನೆರಡು ಹಸಿಮೆಣಸಿನಕಾಯಿ ಹಾಕಿಸಿ, ಶಾವಿಗೆ ಜೊತೆ ತಿಂದರು.

ನ್ಯೂ ಮೆಕ್ಸಿಕೋದಲ್ಲಿ ಮೆಣಸಿನಕಾಯಿಯೇ ತರಕಾರಿ. ರಿಯೋ ಗ್ರಾಂಡೆ ನದಿಯ ಪಕ್ಕದ ಹ್ಯಾಚ್ ಕಣಿವೆಯಲ್ಲಿ ಬೆಳೆಯುತ್ತದೆ. ಆಗಸ್ಟ್ ಸೆಪ್ಟೆಂಬರಿನಲ್ಲಿ ಅಂಗಡಿಗಳ ಮುಂದೆ ಜಾಲರಿಯ ಪೀಪಾಯಿಯಲ್ಲಿ ಹಾಕಿ, ಕೆಳಗೆ ಗ್ಯಾಸ್ ಉರಿ ಕೊಟ್ಟು ತಿರುಗಿಸಿ ಸುಡುತ್ತಾರೆ. ಜನ ಮೂಟೆಗಟ್ಟಲೆ ಸುಡಿಸಿಕೊಂಡು ಫ್ರೀಜರ್‌ನಲ್ಲಿ ಇಟ್ಟುಕೊಳ್ಳುತ್ತಾರೆ. 2023ರಲ್ಲಿ ಆ ರಾಜ್ಯ ಸುಟ್ಟ ಹಸಿರು ಮೆಣಸಿನಕಾಯಿಯ ವಾಸನೆಯನ್ನು ತನ್ನ ಅಧಿಕೃತ ಪರಿಮಳ ಅಂತ ಕಾನೂನು ಮಾಡಿತು. ರಾಜ್ಯಕ್ಕೊಂದು ಅಧಿಕೃತ ಪ್ರಶ್ನೆಯೂ ಇದೆ: 'ಕೆಂಪಾ, ಹಸಿರಾ?' ಹೋಟೆಲಿನಲ್ಲಿ ಕೇಳಿದಾಗ ಎರಡೂ ಬೇಕು ಅಂದರೆ 'ಕ್ರಿಸ್‌ಮಸ್' ಅನ್ನಬೇಕು. ಇಲ್ಲಿನ ಹಸಿರು ಚಿಲಿಯಲ್ಲಿ ಹಂದಿ ಮಾಂಸದ ತುಂಡು, ಸುಟ್ಟು ಸಿಪ್ಪೆ ತೆಗೆದ ಮೆಣಸಿನಕಾಯಿ, ಬೆಳ್ಳುಳ್ಳಿ. ಚಿಲಿ ಪೌಡರ್ ಅನ್ನುವ ಮಾತೇ ಇಲ್ಲ. ತೋಟದಲ್ಲೇ ಇರುವಾಗ ಡಬ್ಬಿಯ ಪುಡಿ ಯಾಕೆ?

ನೆಬ್ರಾಸ್ಕಾ, ಅಯೋವಾ ಕಡೆಯವರು ಚಿಲಿ ಜೊತೆ ಸಕ್ಕರೆ ಪಾಕ ಸುರಿದ ಸಿನ್ನಮನ್ ರೋಲ್, ಅಂದರೆ ಚಕ್ಕೆ ಪುಡಿ ಹಾಕಿ ಸುತ್ತಿದ ಸಿಹಿ ಬನ್ನು, ತಿನ್ನುತ್ತಾರೆ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಹಾಗೇ ಕೊಡುತ್ತಿದ್ದರಂತೆ, ಅದು ನಾಲಿಗೆಗೆ ಅಂಟಿಕೊಂಡಿದೆ. ನನಗೆ ಹಿಡಿಸಲಿಲ್ಲ. ಬಿಡಿ.

ನಮ್ಮವರ ಮನೆಗಳಲ್ಲಿ ಗೆದ್ದಿರುವುದು ಕಾಳಿನ ಪಕ್ಷವೇ. ದನದ ಮಾಂಸ ತಿನ್ನದವರು, ಮಾಂಸವನ್ನೇ ತಿನ್ನದವರು ಜಾಸ್ತಿ. ಆಫೀಸಿನ ಚಿಲಿ ಸಾಲಿನಲ್ಲಿ 'ವೆಜ್' ಅಂತ ಚೀಟಿ ಅಂಟಿಸಿದ ಒಂದು ಪಾತ್ರೆ ಇರುತ್ತದಲ್ಲ, ಕಾಳು ಇಲ್ಲದಿದ್ದರೆ ಅದು ಇರುತ್ತಲೇ ಇರಲಿಲ್ಲ. ಮಕ್ಕಳು ಶಾಲೆಯಲ್ಲಿ ತಿಂದು ಬಂದು ಮನೆಯಲ್ಲೂ ಕೇಳುತ್ತಾರೆ. ಅಮ್ಮಂದಿರು ರಾಜ್ಮಾಕ್ಕೆ ಟೊಮೆಟೊ, ಜೋಳದ ಕಾಳು ಹಾಕಿ, ಆ ಮಸಾಲೆ ಪುಡಿ ಉದುರಿಸಿ, ರುಚಿ ಸಾಲದೆ ಒಂದು ಚಮಚ ಸಾರಿನ ಪುಡಿಯನ್ನೂ ಹಾಕುತ್ತಾರೆ. ಹತ್ತಿಪ್ಪತ್ತು ವರ್ಷ ಕಳೆದರೆ ಆ ಮಕ್ಕಳು ಕೊತ್ತಂಬರಿ ಬೀಜದ ಘಮ ಇಲ್ಲದ್ದು ಚಿಲಿಯೇ ಅಲ್ಲ ಅಂತ ಯಾರ ಜೊತೆಗಾದರೂ ಜಗಳ ಆಡುತ್ತಾರೆ, ನೋಡ್ತಾ ಇರಿ.

ನಾನು ಹತ್ತಾರು ಜನಕ್ಕೆ ಮಾಡುವಾಗ ಆಂಚೋ ರುಬ್ಬಿ ಹಾಕಿದ ಮೇಕೆ ಮಾಂಸದ ಚಿಲಿ ಒಂದು ಪಾತ್ರೆಯಲ್ಲಿ, ಬೆಳ್ಳುಳ್ಳಿ ಹಾಕಿ ಬೇಯಿಸಿದ ಪಿಂಟೋ ಕಾಳು ಇನ್ನೊಂದರಲ್ಲಿ ಇಡುತ್ತೇನೆ. ಸ್ಯಾನ್ ಆಂಟೋನಿಯೊದ ಆ ಹೆಂಗಸರ ಕ್ರಮ. ಡಲ್ಲಾಸ್‌ನ ಹಿರಿಯರು ಒಮ್ಮೆ ಈ ಕಡೆ ಬಂದವರು ಮನೆಗೂ ಬಂದಿದ್ದರು. ಬಟ್ಟಲಿಗೆ ಚಿಲಿ ಹಾಕಿಕೊಂಡು, ನಾನು ನೋಡುತ್ತಿದ್ದ ಹಾಗೇ ಎರಡು ಸೌಟು ಕಾಳು ಅದರ ಮೇಲೆ ಸುರಿದುಕೊಂಡರು. ನಾನು ಏನೂ ಕೇಳಲಿಲ್ಲ. ಅವರೇ ಹೇಳಿದರು: 'ಮೇಲೆ ಹಾಕ್ಕೊಂಡರೆ ತಪ್ಪಿಲ್ಲ. ಒಳಗೆ ಹಾಕಿ ಕುದಿಸಬಾರದು, ಅಷ್ಟೇ.'